ಒಳ್ಳೆಯ ಕತ್ತಿಯ ಲಕ್ಷಣ

ಬೆಂಗಳೂರಿನ ಗವಿಪುರದ ಹಳೆಯ ಮನೆಗಳ ಪೈಕಿ ಹಿತ್ತಲೆಂಬುದನ್ನು ಇನ್ನೂ ಉಳಿಸಿಕೊಂಡಿರತಕ್ಕವುಗಳಲ್ಲಿ ಎರಡು ತೆಂಗಿನ ಮರ, ಒಂದು ಕರಿಬೇವಿನ ಗಿಡ, ಬಚ್ಚಲ ನೀರು ಹರಿಯುವಲ್ಲಿ ನಾಲ್ಕು ಬಾಳೆ, ಇಷ್ಟಾದರೂ ಇರುವುದು ವಾಡಿಕೆ. ಇವುಗಳಿರುವ ಮನೆಯಲ್ಲಿ ಮಚ್ಚೊಂದು ಇರುವುದೂ ಅಷ್ಟೇ ವಾಡಿಕೆ. ಹಂಡೆಯೊಲೆಗೆ ಸೌದೆ ಉರಿಸುತ್ತಿದ್ದ ಕಾಲದಲ್ಲಿ ಆ ಮಚ್ಚು ಬಚ್ಚಲ ಮನೆಯ ಮೂಲೆಯಲ್ಲಿದ್ದುಕೊಂಡೇ ಒಂದು ತಲೆಮಾರಿನಿಂದ ಮತ್ತೊಂದಕ್ಕೆ ಸಾಗುತ್ತಿದ್ದುದರಿಂದ ಅದನ್ನು ಕೊಳ್ಳುವ ಪ್ರಶ್ನೆಯೇ ಬಹುಮಟ್ಟಿಗೆ ಹುಟ್ಟುತ್ತಿರಲಿಲ್ಲ. ಈಗ ಹುಟ್ಟಿದೆ. ಕನಕಪುರದ ದಾರಿಯಲ್ಲೋ ಮಾಗಡಿಯ ದಾರಿಯಲ್ಲೋ ಅರ್ಧ ಎಕರೆ ತೋಟ ಮಾಡಿಕೊಂಡವರು, ಮಳೆಗಾಲ ಕಳೆದೊಡನೆ ಪಶ್ಚಿಮ ಘಟ್ಟದ ಕಾಡುದಾರಿಗಳನ್ನು ಹತ್ತಿ ಇಳಿಯುವ ತರುಣರು, ನಡುಮನೆಯ ಗೋಡೆಯ ಮೇಲೆ ಒಂದು ಕಿರುಗತ್ತಿ ಇದ್ದರೆ ಚೆಂದವೆಂದು ಬಯಸುವವರು, ಈ ಮೂರು ಬಗೆಯ ಜನರೂ ಕೇಳುವ ಪ್ರಶ್ನೆ ಒಂದೇ: ಕೈಗೆಟುಕುವ ಬೆಲೆಗೆ ದೊರೆಯುವ, ಚೆನ್ನಾಗಿ ಮಾಡಿದ, ಬಹುಕಾಲ ಬಾಳತಕ್ಕ ದೊಡ್ಡ ಕತ್ತಿ ಯಾವುದು?

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿ ಮುಂದುವರಿಯುವುದು ಲೇಸು. ಕತ್ತಿಯ ಗುಣವು ಲೋಹ, ಹದ, ಆಕಾರ ಎಂಬ ಮೂರರಿಂದ ಆಗತಕ್ಕದ್ದು. ಈ ಮೂರರಲ್ಲಿ ಆಕಾರವು ಕಣ್ಣಿಗೆ ಕಾಣುತ್ತದೆ. ಲೋಹವನ್ನು ವಿಚಾರಿಸಿ ತಿಳಿಯಬಹುದು. ಹದವು ಮಾತ್ರ ಅಲಗಿನೊಳಗೆ ಅಡಗಿದ್ದು, ಗಂಟು ಬಿದ್ದ ಒಣಮರದ ಮೇಲೆ ಮೊದಲ ಏಟು ಬಿದ್ದಾಗಲೇ ತನ್ನನ್ನು ತೋರ್ಪಡಿಸಿಕೊಳ್ಳುತ್ತದೆ. ಹೀಗಿರುವುದರಿಂದ ಕೊಳ್ಳುವವನು ವಾಸ್ತವವಾಗಿ ನಂಬಬೇಕಾದುದು ಮಾಡಿದವನನ್ನು. ಮತ್ತು ಮಾಡಿದವನು ನಂಬಿಕೆಗೆ ಅರ್ಹನಾಗುವುದು, ತಾನು ಮಾಡಿದ ಕತ್ತಿ ಕೆಟ್ಟ ಪಕ್ಷದಲ್ಲಿ ಅದು ತನ್ನ ಕುಲುಮೆಯ ಬಾಗಿಲಿಗೇ ಮರಳಿ ಬರುವುದೆಂಬ ಸ್ಥಿತಿ ಎಲ್ಲಿದೆಯೋ ಅಲ್ಲಿ. ಅಗ್ಗವಾಗಿದ್ದೂ ಉತ್ತಮವಾಗಿರುವ ಅಲಗು ಲೋಕದಲ್ಲಿ ಎಲ್ಲೆಲ್ಲಿ ಕಂಡುಬಂದಿದೆಯೋ ಅಲ್ಲೆಲ್ಲ ಈ ಸ್ಥಿತಿ ಇದ್ದೇ ಇದೆ ಎಂಬುದು ನನ್ನ ದೃಢವಾದ ನಂಬಿಕೆ.

ನಮ್ಮ ನಾಡಿನಲ್ಲಿ ಇದು ಒಂದು ಕಾಲಕ್ಕೆ ವ್ಯವಸ್ಥೆಯ ರೂಪದಲ್ಲಿಯೇ ಇತ್ತು. ಹಳೆಯ ಗ್ರಾಮಪದ್ಧತಿಯಲ್ಲಿ ಕಮ್ಮಾರನು ಊರಿಗೆಲ್ಲ ಸೇವೆಮಾಡುವ ಆಯಗಾರರಲ್ಲೊಬ್ಬನು. ನೇಗಿಲಿನ ಗುಳ, ಕುಡುಗೋಲು, ಕೊಡಲಿ, ಮಚ್ಚುಗಳನ್ನು ಮಾಡಿಕೊಟ್ಟು, ವರ್ಷವೆಲ್ಲ ಅವುಗಳ ಬಾಯಿ ತಟ್ಟಿ, ಕುಡುಗೋಲಿಗೆ ಕಕ್ಕು ಹಾಕಿ, ಸಡಿಲಿದ ಹಿಡಿಯನ್ನು ಬಿಗಿಮಾಡುತ್ತಿದ್ದ ಅವನಿಗೆ ಪ್ರತಿಫಲವು ಸುಗ್ಗಿಯ ಕಣದಲ್ಲಿ ಧಾನ್ಯರೂಪವಾಗಿ ಸಲ್ಲುತ್ತಿತ್ತು. ಇದರ ಅರ್ಥವನ್ನು ನಾವು ಸಾಕಷ್ಟು ಯೋಚಿಸಿಲ್ಲ. ಪ್ರತಿಯೊಂದು ರಿಪೇರಿಗೂ ಹಣ ಸಿಗುವ ಕಡೆ ಬೇಗ ಕೆಡತಕ್ಕ ಸಾಮಾನನ್ನು ಮಾಡುವುದರಿಂದ ಮಾಡಿದವನಿಗೆ ಲಾಭವುಂಟು. ವರ್ಷಕ್ಕೆ ಇಷ್ಟು ರಾಗಿ, ಇಷ್ಟು ಭತ್ತವೆಂದು ಗೊತ್ತಾಗಿರುವ ಕಡೆಯಲ್ಲಿ ಹದ ತಪ್ಪಿದ ಮಚ್ಚು ಕಮ್ಮಾರನಿಗೆ ಪುಕ್ಕಟೆಯ ದುಡಿಮೆಯನ್ನು ತಂದೊಡ್ಡುವುದಲ್ಲದೆ ಬೇರೇನನ್ನೂ ಕೊಡುವುದಿಲ್ಲ. ಆದುದರಿಂದ ಅವನ ಸ್ವಾರ್ಥವೂ ರೈತನ ಹಿತವೂ ಒಂದೇ ಕಡೆಗೆ ಮುಖಮಾಡಿದ್ದವು. ಆಯದ ಪದ್ಧತಿಯಲ್ಲಿ ಜಾತಿಯ ಕಟ್ಟು ಬಲವಾಗಿದ್ದುದನ್ನೂ, ಧಾನ್ಯ ಅಳೆಯುವಾಗ ಬಡ ಕುಶಲಕರ್ಮಿಗೆ ಅನ್ಯಾಯವಾಗಬಹುದಾಗಿದ್ದುದನ್ನೂ ಮರೆತು ಅದನ್ನು ಹೊಗಳುವುದು ನನ್ನ ಉದ್ದೇಶವಲ್ಲ. ಆದರೆ ಕತ್ತಿಯ ವಿಷಯದಲ್ಲಿ ಅದು ಸಾಧಿಸಿದ್ದನ್ನು ಅಂಗಡಿಯ ಬೆಲೆಚೀಟಿ ಸಾಧಿಸಿಲ್ಲವೆಂಬುದು ನಿಜ.

ಲೋಹದ ವಿಚಾರಕ್ಕೆ ಬರೋಣ. ಮೈಸೂರು ಸೀಮೆಯ ಉಕ್ಕಿನ ಕೀರ್ತಿ ಬಹು ಹಳೆಯದು. ಶ್ರೀರಂಗಪಟ್ಟಣವು ಬಿದ್ದ ಮರುವರ್ಷ, ಎಂದರೆ 1800ರಲ್ಲಿ, ಈ ಸೀಮೆಯನ್ನು ಸುತ್ತಿ ನೋಡಿದ ಫ್ರಾನ್ಸಿಸ್ ಬುಕಾನನ್ನನು ಮಾಗಡಿ, ಮಧುಗಿರಿಗಳ ಕಡೆಯಲ್ಲಿ ನಡೆಯುತ್ತಿದ್ದ ಕಬ್ಬಿಣ ಮತ್ತು ಉಕ್ಕಿನ ಕೆಲಸವನ್ನು ಆಸಕ್ತಿಯಿಂದ ವಿವರಿಸಿದ್ದಾನೆ: ಮೆದು ಕಬ್ಬಿಣದ ತುಂಡನ್ನು ತಂಗಡಿಯ ಕಡ್ಡಿ ಮತ್ತು ಹಸಿರೆಲೆಗಳೊಡನೆ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿಗೆ ಮಣ್ಣು ಮೆತ್ತಿ, ತಿದಿಯೂದಿ ಬಹಳ ಹೊತ್ತು ಕಾಸಿದರೆ, ಸಸ್ಯದ ಇಂಗಾಲವನ್ನು ಹೀರಿಕೊಂಡು ಕಬ್ಬಿಣವು ಉಕ್ಕಾಗುವುದು. ಇದೇ ಉಕ್ಕಿನ ತಂತಿಯನ್ನು ಎಳೆದು ವಾದ್ಯಗಳಿಗೆ ಹೂಡುವಷ್ಟು ನಯವಾಗಿ ಮಾಡುತ್ತಿದ್ದ ಚನ್ನಪಟ್ಟಣದವರ ಕೌಶಲ್ಯವನ್ನೂ ಅವನು ಕಂಡನು. ಇಂತಹ ಮೂಸೆಯುಕ್ಕಿನಲ್ಲಿ ಇಂಗಾಲವು ನೂರಕ್ಕೆ ಒಂದೂವರೆ ಪಾಲಿನಷ್ಟಿರುತ್ತಿದ್ದುದುಂಟು. ಪಶ್ಚಿಮ ಏಷ್ಯದ ಖಡ್ಗಗಳ ಮೈಮೇಲೆ ನೀರಿನ ಅಲೆಯಂತೆ ಕಾಣುತ್ತಿದ್ದ ಗೆರೆಗಳು ಈ ಬಗೆಯ ಮೂಸೆಯುಕ್ಕಿನಿಂದಲೇ ಮೂಡಿದವು. ಹತ್ತೊಂಬತ್ತನೆಯ ಶತಮಾನದಲ್ಲಿ ಹಡಗಿನ ಮೇಲೆ ಬಂದಿಳಿದ ವಿಲಾಯತಿ ಕಬ್ಬಿಣದ ಅಗ್ಗದ ಬೆಲೆಯೆದುರು ನಿಲ್ಲಲಾರದೆ ಆ ಕುಲುಮೆಗಳು ಒಂದೊಂದಾಗಿ ಆರಿದವು. 1923ರಲ್ಲಿ ಭದ್ರಾವತಿಯ ಕಾರ್ಖಾನೆಯಲ್ಲಿ ಇದ್ದಿಲಿನ ಊದುಕುಲುಮೆ ಹೊತ್ತಿಕೊಂಡಾಗ ಮೈಸೂರಿನ ಕಬ್ಬಿಣಕ್ಕೆ ಮತ್ತೊಂದು ಜನ್ಮ ಬಂದಿತಾದರೂ ಅದು ಯಂತ್ರಯುಗದ ಜನ್ಮ. ಹಳೆಯ ಮೂಸೆಯುಕ್ಕು ಮರಳಿ ಬರಲಿಲ್ಲ. ಈಗ ಪೇಟೆಯಲ್ಲಿ ಅಲೆಯ ಗೆರೆಗಳನ್ನು ತೋರಿಸಿ ದುಬಾರಿಗೆ ಮಾರುವ ಅಲಗುಗಳು ಎರಡು ಬಗೆಯ ಉಕ್ಕನ್ನು ಬೆಸೆದು ಮಡಿಸಿ ತಟ್ಟಿದವು, ಇಲ್ಲವೆ ಮೇಲ್ಮೈಯಲ್ಲಿ ಗೆರೆಗಳನ್ನು ಕೊರೆದವು. ಮಿತವ್ಯಯದ ದೃಷ್ಟಿಯಿಂದ ಕೊಳ್ಳುವವನು ಈ ಗೆರೆಗಳಿಗಾಗಿ ಒಂದು ರೂಪಾಯಿಯನ್ನೂ ಹೆಚ್ಚಾಗಿ ಕೊಡಬೇಕಾದ್ದಿಲ್ಲ.

ಇಂದು ನಮ್ಮ ಕಮ್ಮಾರನ ಕೈಗೆ ಸಿಗುವ ಅತ್ಯುತ್ತಮ ಲೋಹವು ಅತ್ಯಂತ ಅಗ್ಗದ ಲೋಹವೂ ಆಗಿದೆಯೆಂಬುದು ಸಂತೋಷದ ಸಂಗತಿ. ಲಾರಿ, ಜೀಪುಗಳ ಅಡಿಯಲ್ಲಿ ಭಾರ ಹೊರುವ ಕಮಾನು ಪಟ್ಟಿ, ಗ್ಯಾರೇಜಿನವರ ಮಾತಿನಲ್ಲಿ ಪ್ಲೇಟು, ಲಕ್ಷಾಂತರ ಸಲ ಬಾಗಿ ಮತ್ತೆ ನೇರವಾಗುವುದಕ್ಕೆಂದೇ ರೂಪಿಸಿದ ಉಕ್ಕು. ಇಂಗಾಲ ನೂರಕ್ಕೆ ಅರ್ಧ ಪಾಲಿಗಿಂತ ತುಸು ಹೆಚ್ಚು. ಜೊತೆಗೆ ಕೆಲವು ಪಟ್ಟಿಗಳಲ್ಲಿ ಸಿಲಿಕಾನ್ ಮತ್ತು ಮ್ಯಾಂಗನೀಸ್, ಕೆಲವುಗಳಲ್ಲಿ ಕ್ರೋಮಿಯಂ. ಅಡುಗೆಮನೆಯ ಸಣ್ಣ ಚಾಕುವಿಗೆ ಇದಕ್ಕಿಂತ ಹೆಚ್ಚು ಇಂಗಾಲವಿರುವ ಉಕ್ಕು ಮೇಲಾದೀತು. ಆದರೆ ಏಟು ಹಾಕಿ ಕಡಿಯಬೇಕಾದ ದೊಡ್ಡ ಕತ್ತಿಗೆ ಬೇಕಾದುದು ಬಿರುಸಿನ ಜೊತೆಗೆ ತಾಳಿಕೆ, ಮತ್ತು ತಾಳಿಕೆಯಲ್ಲಿ ಪ್ಲೇಟನ್ನು ಮೀರಿಸುವ ಲೋಹ ಈ ಬೆಲೆಗೆ ಇಲ್ಲ. ಮಲೆನಾಡಿನಲ್ಲಿ ಪ್ಲೇಟಿನ ಕತ್ತಿ ಎಂದರೆ ಸಾಕು, ಬೇರೆ ಹೊಗಳಿಕೆ ಬೇಕಿಲ್ಲ. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಮುರಿದುಹೋದ ಹಳೆಯ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರುವ ಸಂಭವವುಂಟಾದ್ದರಿಂದ, ಮುರಿತದ ಬಳಿಯ ಭಾಗವನ್ನೂ ಬೋಲ್ಟಿನ ತೂತಿರುವ ನಡುಭಾಗವನ್ನೂ ಬಿಟ್ಟು ಮಿಕ್ಕುದನ್ನು ಬಳಸುವ ಕಮ್ಮಾರನೇ ವಿವೇಕಿ. ಕಟ್ಟಡದ ಸರಳನ್ನೋ ತೆಳು ತಗಡನ್ನೋ ಚಪ್ಪಟೆ ಮಾಡಿ ಬಣ್ಣ ಬಳಿದು ಮಾರುವ ಮಚ್ಚುಗಳೂ ಪೇಟೆಯಲ್ಲಿವೆ. ಇವು ಎರಡು ತೆಂಗಿನಕಾಯಿ ಸುಲಿಯುವುದರೊಳಗಾಗಿ ಬಾಯಿ ಮಡಚಿಕೊಳ್ಳುತ್ತವೆ, ಏಕೆಂದರೆ ಇಂಗಾಲವಿಲ್ಲದ ಕಬ್ಬಿಣಕ್ಕೆ ಯಾವ ಹದವೂ ಹಿಡಿಯದು.

ಹದವೆಂಬುದೇ ಈ ಲೇಖನದ ಹೃದಯವಾದ್ದರಿಂದ ಅದರ ಬಳಿ ತುಸು ನಿಲ್ಲಬೇಕು. ಕುಲುಮೆಯಲ್ಲಿ ಅಲಗನ್ನು ಕಾಸುತ್ತ ಹೋದಂತೆ ಸುಮಾರು 770 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಬ್ಬಿಣವು ಅಯಸ್ಕಾಂತಕ್ಕೆ ಅಂಟುವ ಗುಣವನ್ನು ಕಳೆದುಕೊಳ್ಳುತ್ತದೆ. ಅದಕ್ಕಿಂತ ತುಸು ಮೇಲೆ, ಅಲಗು ಎಲ್ಲೆಡೆಯಲ್ಲೂ ಒಂದೇ ಸಮನಾದ ಕೆಂಪಿಗೆ ಬಂದಾಗ, ಅದನ್ನು ನೀರಿಗೋ ಎಣ್ಣೆಗೋ ಅದ್ದಬೇಕು. ಆ ಕೆಂಪಿನ ಛಾಯೆಯನ್ನು ಗುರುತಿಸುವುದೇ ವಿದ್ಯೆ. ಹಗಲಿನ ಬೆಳಕಿನಲ್ಲಿ ಛಾಯೆ ಮೋಸಮಾಡುವುದರಿಂದಲೇ ಬಲ್ಲ ಕಮ್ಮಾರರು ಕುಲುಮೆಯನ್ನು ಮಬ್ಬುಗತ್ತಲೆಯ ಮೂಲೆಯಲ್ಲಿ ಹೂಡುತ್ತಾರೆ. ಕಾವು ಕಡಿಮೆಯಾದರೆ ಅಲಗು ಬಿರುಸಾಗದು. ಹೆಚ್ಚಾದರೆ ಉಕ್ಕಿನ ಒಳಕಣಗಳು ದಪ್ಪವಾಗಿ ಅಲಗು ಮುರುಕಾಗುವುದು. ಕ್ರೋಮಿಯಂ ಇರುವ ಪಟ್ಟಿಯನ್ನು ತಣ್ಣೀರಿಗೆ ಅದ್ದಿದರೆ ಬಾಯಿ ಸೀಳುವ ಅಪಾಯವಿದೆ. ಅದಕ್ಕೆ ಎಣ್ಣೆಯೇ ತಕ್ಕುದು. ಹೀಗೆ ಅದ್ದಿ ತೆಗೆದ ಅಲಗು ಕಲ್ಲಿನ ಮೇಲೆ ಬಿದ್ದರೂ ಒಡೆಯಬಹುದಾದಷ್ಟು ಬಿರುಸಾಗಿರುತ್ತದಾದ್ದರಿಂದ ಕೆಲಸ ಇಲ್ಲಿಗೆ ಮುಗಿಯದು. ಅದನ್ನು ಮತ್ತೆ ಮೃದುವಾಗಿ ಕಾಸಿ ಬಿರುಸಿನ ಒಂದಂಶವನ್ನು ತಾಳಿಕೆಗೆ ಬಿಟ್ಟುಕೊಡಬೇಕು.

ನಮ್ಮ ಕಮ್ಮಾರರಲ್ಲಿ ನುರಿತವರು ಈ ಎರಡನ್ನೂ ಒಂದೇ ಕಾವಿನಲ್ಲಿ ಸಾಧಿಸುವ ರೀತಿ ನೋಡತಕ್ಕದ್ದು. ಕೆಂಪಗೆ ಕಾದ ಅಲಗಿನ ಬಾಯಿಯ ಭಾಗವನ್ನಷ್ಟೆ ಅದ್ದಿ, ಬೆನ್ನಿನಲ್ಲಿ ಕಾವನ್ನು ಉಳಿಸಿಕೊಂಡು ಹೊರಗೆ ತೆಗೆದು, ಕಲ್ಲಿನ ಚೂರಿನಿಂದ ಬಾಯಿಯನ್ನು ಉಜ್ಜಿ ಬೆಳ್ಳಗೆ ಮಾಡಿ ಕಾಯುತ್ತಾರೆ. ಬೆನ್ನಿನ ಕಾವು ನಿಧಾನವಾಗಿ ಬಾಯಿಯ ಕಡೆಗೆ ಇಳಿಯುತ್ತಿರುವಂತೆ ಉಜ್ಜಿದ ಜಾಗದಲ್ಲಿ ಬಣ್ಣಗಳು ಓಡುತ್ತವೆ: ಸುಮಾರು 220 ಡಿಗ್ರಿಯಲ್ಲಿ ಒಣಹುಲ್ಲಿನ ಹಳದಿ, 255ರ ಹತ್ತಿರ ಕಂದು, 280ರಲ್ಲಿ ನೇರಳೆ, 300ರಲ್ಲಿ ನೀಲಿ. ಕಡಿಯುವ ಕತ್ತಿಗೆ ಕಂದಿನಿಂದ ನೇರಳೆಯೊಳಗಾಗಿ ನಿಲ್ಲಿಸುವುದು ಯುಕ್ತ. ಆ ಕ್ಷಣದಲ್ಲಿ ಅಲಗನ್ನು ಪೂರ್ತಿಯಾಗಿ ಮುಳುಗಿಸಿಬಿಟ್ಟರೆ ಬಾಯಿ ಬಿರುಸಾಗಿಯೂ ಬೆನ್ನು ಮೆದುವಾಗಿಯೂ ಉಳಿದು, ಒಂದೇ ಅಲಗಿನಲ್ಲಿ ಎರಡು ಗುಣಗಳು ಕೂಡಿಬರುತ್ತವೆ. ಕಾರ್ಖಾನೆಯವರು ರಾಕ್‌ವೆಲ್ ಅಳತೆಯಲ್ಲಿ 54ರಿಂದ 57ರವರೆಗೆ ಎಂದು ಹೇಳುವ ಬಿರುಸು ಈ ಬಣ್ಣಗಳ ಆಸುಪಾಸಿನಲ್ಲಿಯೇ ದೊರೆಯತಕ್ಕದ್ದು. ಯಾವ ಮಾಪಕವೂ ಇಲ್ಲದೆ, ಬಣ್ಣದ ಓಟವೊಂದನ್ನೇ ನೋಡಿ, ಎರಡು ಉಸಿರಿನಷ್ಟು ಸಮಯದಲ್ಲಿ ತೀರ್ಮಾನ ಮಾಡುವ ಆ ಮನುಷ್ಯನಿಗೆ ನಾವು ಕೊಡುವ ಕೆಲವು ನೂರು ರೂಪಾಯಿ ಅತ್ಯಲ್ಪವೆಂದು ನನಗೆ ಪ್ರತಿಸಲವೂ ಅನ್ನಿಸುತ್ತದೆ.

ಮಾಡುವುದನ್ನು ನಿಂತು ನೋಡಲಾಗದವರು ಅಂಗಡಿಯಲ್ಲಿ ಮಾಡಬಹುದಾದ ಪರೀಕ್ಷೆಗಳೂ ಕೆಲವಿವೆ. ಅಲಗಿನ ಬುಡದಲ್ಲಿ, ಹಿಡಿಗೆ ಹತ್ತಿರವಾಗಿ, ಅರದಿಂದ ಒಮ್ಮೆ ಎಳೆದು ನೋಡಬೇಕು: ಅರ ಆಳವಾಗಿ ಕಚ್ಚಿದರೆ ಹದವಿಲ್ಲ, ಸ್ವಲ್ಪವೂ ಕಚ್ಚದೆ ಜಾರಿದರೆ ಬಿರುಸು ಮಿತಿಮೀರಿದೆ, ಎರಡರ ನಡುವೆ ಅನಿಚ್ಛೆಯಿಂದ ಕಚ್ಚಿದರೆ ಸರಿ. ಹಿಡಿಯನ್ನು ಸಡಿಲವಾಗಿ ಹಿಡಿದು ಬೆನ್ನನ್ನು ಮರದ ತುಂಡಿನಿಂದ ಮೀಟಿದರೆ ನಾದವು ಸ್ವಚ್ಛವಾಗಿ ಹೊರಡಬೇಕು. ಬಿರುಕಿರುವ ಅಲಗು ಬದ್ದೆಂದು ಸತ್ತ ದನಿ ಕೊಡುವುದು. ಬಾಯಿಯನ್ನು ಬೆಳಕಿಗೆ ಎದುರಾಗಿ ಹಿಡಿದು ಉದ್ದಕ್ಕೂ ಕಣ್ಣಾಡಿಸಬೇಕು. ಅದ್ದುವಾಗ ಸೊಟ್ಟಗಾದ ಅಲಗನ್ನು ಅನಂತರ ಬಡಿದು ನೇರಮಾಡಿದ್ದರೆ ಗುರುತು ಅಲ್ಲಿರುತ್ತದೆ. ವಿದ್ಯುತ್ ಸಾಣೆಯ ಚಕ್ರಕ್ಕೆ ಅವಸರವಾಗಿ ಕೊಟ್ಟ ಅಲಗಿನ ಬಾಯಂಚಿನಲ್ಲಿ ನೀಲಿ ಕಲೆಗಳು ಕಂಡರೆ ಅದನ್ನು ಅಲ್ಲಿಯೇ ಬಿಟ್ಟುಬರಬೇಕು, ಏಕೆಂದರೆ ಕುಲುಮೆಯಲ್ಲಿ ಹಾಕಿದ ಹದವನ್ನು ಸಾಣೆಯ ಕಾವು ತೆಗೆದುಬಿಟ್ಟಿದೆ. ಹೊಳಪು, ಕೆತ್ತನೆ, ಹೆಸರಿನ ಮುದ್ರೆ ಮುಂತಾದುವು ಪರೀಕ್ಷೆಗಳಲ್ಲ.

ಆಕಾರವು ಕೆಲಸದಿಂದ ಹುಟ್ಟತಕ್ಕದ್ದು. ಮಲೆನಾಡಿನ ಕತ್ತಿಯ ಮುಂಭಾಗ ಒಳಕ್ಕೆ ಬಾಗಿ ಕೊಕ್ಕಿನಂತಾಗಿರುವುದು ಅಲಂಕಾರಕ್ಕಾಗಿಯಲ್ಲ. ಅಡಕೆ ತೋಟಕ್ಕೆ ಸೊಪ್ಪು ತರುವವನು ಎಟುಕದ ಕೊಂಬೆಯನ್ನು ಆ ಬಾಗಿನಿಂದ ಸೆಳೆದು, ಅದೇ ಕೈಬೀಸಿನಲ್ಲಿ ಕಡಿದು ಕೆಡವುತ್ತಾನೆ. ನಡುವಿನ ಹಿಂದೆ ಕಟ್ಟಿದ ಮರದ ಕೊಕ್ಕೆಗೆ ಅದನ್ನು ಸಿಕ್ಕಿಸಿಕೊಂಡು ಮರ ಹತ್ತುವಾಗ ಅವನ ಎರಡು ಕೈಗಳೂ ಬಿಡುವಾಗಿರುತ್ತವೆ. ಹಳೆಯ ಮೈಸೂರಿನ ಬಯಲುಸೀಮೆಯ ಮಚ್ಚಿನ ಬೆನ್ನು ಹೆಚ್ಚು ನೇರ, ಅಲಗು ಅಗಲ, ತೂಕ ಮುಂದಕ್ಕೆ. ತೆಂಗಿನಕಾಯಿ, ಸೌದೆ, ಜಾಲಿಯ ಮುಳ್ಳುಕೊಂಬೆಗಳಿಗೆ ಹೇಳಿ ಮಾಡಿಸಿದ್ದು. ಉತ್ತರ ಕರ್ನಾಟಕದ ಕಬ್ಬಿನ ಗದ್ದೆಗಳಲ್ಲಿ ಬಳಸುವ ಕೊಯ್ತಾ ಇವೆರಡಕ್ಕಿಂತಲೂ ಹಗುರ, ತೆಳು. ಏಕೆಂದರೆ ದಿನವಿಡೀ ಬೀಸಬೇಕಾದ ತೋಳಿಗೆ ತೂಕವೇ ವೈರಿ, ಕಡಿಯಬೇಕಾದ ಕಬ್ಬಾದರೋ ಮೆತ್ತಗಿನದು. ಇದರಿಂದ ತಿಳಿಯಬೇಕಾದುದೇನೆಂದರೆ, ದಪ್ಪವಾದಷ್ಟೂ ಒಳ್ಳೆಯದೆಂಬ ಸಾಮಾನ್ಯ ನಂಬಿಕೆ ತಪ್ಪು. ಬೆನ್ನಿನಲ್ಲಿ ಐದಾರು ಮಿಲಿಮೀಟರ್ ಇದ್ದು, ಬಾಯಿಯ ಕಡೆಗೆ ಕ್ರಮವಾಗಿ ಇಳಿಯುತ್ತ, ಹಿಡಿಯಿಂದ ಮೊನೆಯವರೆಗೂ ತುಸುತುಸುವಾಗಿ ತೆಳ್ಳಗಾಗುವ ಅಲಗು ಸಾಮಾನ್ಯ ಬಲದ ಮನುಷ್ಯನಿಗೆ ಯಥೇಷ್ಟ. ಪಟ್ಟಿಯನ್ನು ಕತ್ತರಿಸಿ ಬಾಯನ್ನು ಮಾತ್ರ ಉಜ್ಜಿದ ಮಚ್ಚು ಎಲ್ಲೆಡೆ ಒಂದೇ ದಪ್ಪವಾಗಿದ್ದು ಮರದೊಳಗೆ ಸಿಕ್ಕಿಕೊಳ್ಳುತ್ತದೆ. ಸುತ್ತಿಗೆಯಿಂದ ತಟ್ಟಿ ಇಳಿಸಿದ ಅಲಗಿಗೂ ಇದಕ್ಕೂ ಇರುವ ಭೇದ ಮುಂಗೈಗೆ ಮೊದಲ ಗಳಿಗೆಯಲ್ಲಿಯೇ ತಿಳಿಯುವುದು.

ಹಿಡಿಯನ್ನು ಅನೇಕರು ಕಡೆಗಣಿಸುತ್ತಾರೆ, ಅಪಾಯವಿರುವುದೇ ಅಲ್ಲಿ. ಅಲಗಿನದೇ ಉಕ್ಕು ಬಾಲವಾಗಿ ಇಳಿದು, ಹಿಡಿಯ ಉದ್ದಕ್ಕೂ ಹಾದು, ತುದಿಯಲ್ಲಿ ಮಡಚಿ ಬಡಿಯಲ್ಪಟ್ಟಿರಬೇಕು. ಹಿಡಿಯ ಬಾಯಿಗೆ ಕಬ್ಬಿಣದ ಬಳೆ ಇರಬೇಕು. ಬಾಲವನ್ನು ಗಿಡ್ಡವಾಗಿ ಬಿಟ್ಟು ಬೇರೊಂದು ಸರಳನ್ನು ವೆಲ್ಡಿಂಗ್ ಮಾಡಿ ಅಂಟಿಸಿದ ಕತ್ತಿ ಬೀಸುವಾಗ ಹಿಡಿಯಿಂದ ಹಾರಿ ಪಕ್ಕದಲ್ಲಿ ನಿಂತವನ ಮೇಲೆ ಬೀಳಬಹುದು. ಮರದ ವಿಷಯದಲ್ಲಿ ಜಾಲಿ, ಹುಣಸೆ, ಮಲೆನಾಡಿನ ಬೈನೆ ಎಲ್ಲವೂ ಪರೀಕ್ಷಿತವಾದುವು. ನುಣ್ಣನೆಯ ಮೆರುಗೆಣ್ಣೆ ಬಳಿದ ಹಿಡಿ ಬೆವರಿದ ಕೈಯಲ್ಲಿ ಜಾರುವುದರಿಂದ ಬೇಡ.

ಕಿರುಗತ್ತಿಯ ಕಡೆಗೆ ಈಗ ತಿರುಗಬಹುದು. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ, ಗಂಗರ ಕಾಲದ ಬೇಗೂರಿನ ವೀರಗಲ್ಲಿನ ಮುಂದೆ ನಿಂತವರಿಗೆ, ಈ ನೆಲದಲ್ಲಿ ಆಯುಧವು ಬದುಕಿನ ಎಷ್ಟು ಹತ್ತಿರದಲ್ಲಿತ್ತೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಆದರೆ ವೀರಗಲ್ಲಿನ ಯುಗ ಕಳೆದ ಮೇಲೆಯೂ ಖಡ್ಗವು ಜೀವಂತ ವಸ್ತುವಾಗಿ ಉಳಿದಿರುವ ಎರಡು ತಾಣಗಳು ನಮಗೆ ಸಮೀಪದಲ್ಲಿವೆ. ಒಂದು, ಈ ಊರಿನ ಪೇಟೆಯದೇ ಕರಗ: ಚೈತ್ರ ಪೂರ್ಣಿಮೆಯಂದು ಧರ್ಮರಾಯನ ಗುಡಿಯಿಂದ ಹೊರಡುವ ಕರಗದ ಸುತ್ತ ತಿಗಳ ಕುಲದ ವೀರಕುಮಾರರು ಬಿಚ್ಚುಗತ್ತಿಗಳನ್ನು ಹಿಡಿದು ನಡೆಯುವರಷ್ಟೆ, ಅವು ದೀಕ್ಷೆಗೆ ಸೇರಿದ ಅಲಗುಗಳು, ಅವಕ್ಕೆ ಕೊಡುವ ಪೂಜೆಯೂ ಬೇರೆ, ಅವನ್ನು ಮುಟ್ಟುವ ಹಕ್ಕೂ ಬೇರೆ. ಎರಡನೆಯದು ಕೊಡಗು. ಗವಿಪುರದಲ್ಲಿ ಬಾಳಿದ ಮಾಸ್ತಿಯವರು ಕೊಡಗಿನ ಕಡೆಯ ಅರಸನ ಕಥೆಯನ್ನು ‘ಚಿಕವೀರ ರಾಜೇಂದ್ರ’ ಕಾದಂಬರಿಯಾಗಿ ಬರೆದುದರಿಂದ ನಮ್ಮ ಬಡಾವಣೆಗೂ ಆ ನಾಡಿಗೂ ಒಂದು ಸಾಹಿತ್ಯಸಂಬಂಧವೂ ಉಂಟು. 1834ರಲ್ಲಿ ಆ ಅರಸನು ಪದಚ್ಯುತನಾದ ಮೇಲೆಯೂ ಕೊಡವರ ಸೊಂಟದಿಂದ ಆಯುಧವು ಇಳಿಯಲಿಲ್ಲ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ನರು ಅವರಿಗೆ ಆಯುಧ ಕಾನೂನಿನಿಂದ ಕೊಟ್ಟ ವಿನಾಯಿತಿಯ ಪರಂಪರೆಯು ಇಂದಿಗೂ ಬೇರೆ ರೂಪದಲ್ಲಿ ಮುಂದುವರಿದಿದ್ದು, 2019ರಲ್ಲಿ ಕೇಂದ್ರ ಸರ್ಕಾರವು ಅದನ್ನು 2029ರವರೆಗೆ ವಿಸ್ತರಿಸಿತು.

ಕೊಡಗಿನ ಒಡಿಕತ್ತಿಯು ಆಯುಧಕ್ಕೂ ಕೃಷಿಯ ಸಾಧನಕ್ಕೂ ನಡುವಣ ಅಪೂರ್ವ ವಸ್ತು. ಅಗಲವಾಗಿ ಮುಂದಕ್ಕೆ ಬಾಗಿದ, ಒಳಬಾಗಿನಲ್ಲಿ ಬಾಯಿಯುಳ್ಳ ಆ ಅಲಗನ್ನು ಬೆನ್ನಿನ ಹಿಂದೆ ತೊಡಂಗ್ ಎಂಬ ಹಿತ್ತಾಳೆಯ ಕೊಕ್ಕೆಯಲ್ಲಿ ಒರೆಯಿಲ್ಲದೆ ಸಿಕ್ಕಿಸಿಕೊಳ್ಳುವರು. ಮುಂದೆ ಸೊಂಟಕ್ಕೆ ಸುತ್ತಿದ ಚೇಲೆಯೆಂಬ ವಸ್ತ್ರದಲ್ಲಿ ಸಿಕ್ಕಿಸುವ, ಬೆಳ್ಳಿಯ ಕೆಲಸದ ಪೀಚೆಕತ್ತಿಯಾದರೋ ಹೆಚ್ಚಾಗಿ ಭೂಷಣ. ಮದುವೆಯಲ್ಲಿ ನೆಟ್ಟ ಬಾಳೆಯ ದಿಂಡುಗಳನ್ನು ಒಂದೊಂದೇ ಏಟಿಗೆ ಕಡಿಯುವ ಆಚಾರವಿದೆ. ಸಭೆಯ ಮುಂದೆ ನಡೆಯುವ ಆ ಕಡಿತದಲ್ಲಿ ತೋಳಿನ ಜೊತೆಗೆ ಅಲಗಿನ ಬಾಯಿಯೂ ಪರೀಕ್ಷೆಗೊಳಗಾಗುತ್ತದೆ. ಸೆಪ್ಟೆಂಬರ್ ಮೊದಲಲ್ಲಿ, ನಾಟಿಯ ಕೆಲಸ ಮುಗಿದ ಮೇಲೆ ಬರುವ ಕೈಲ್ ಪೊಳ್ದ್ ಹಬ್ಬದಂದು ಆಯುಧಗಳೆಲ್ಲ ಪೂಜೆಗೊಳ್ಳುತ್ತವೆ. ಬಳಕೆ, ಪರೀಕ್ಷೆ, ಗೌರವ ಈ ಮೂರೂ ಒಂದೆಡೆ ಉಳಿದಿರುವುದರಿಂದ ಒಡಿಕತ್ತಿಯ ಮಾದರಿ ಕೆಟ್ಟಿಲ್ಲ. ಕಿರುಗತ್ತಿಯೇ ಬೇಕೆಂದು ಹಟ ಹಿಡಿಯುವ ಕನ್ನಡಿಗನು ರೋಮನ್ನರ ಅಥವಾ ಜಪಾನಿನ ಕಿರುಗತ್ತಿಗಳ ನಕಲಿಗೆ ಹಣ ತೆರುವ ಮೊದಲು ಕೊಡಗಿನ ಕಮ್ಮಾರನು ತಟ್ಟಿದ ಸಾದಾ ಒಡಿಕತ್ತಿಯನ್ನೊಮ್ಮೆ ಕೈಯಲ್ಲಿ ಹಿಡಿದು ನೋಡಲಿ.

ನಕಲಿ ಖಡ್ಗಗಳ ಬಗ್ಗೆ ನನಗಿರುವ ಆಕ್ಷೇಪಣೆ ಸೌಂದರ್ಯದ್ದಲ್ಲ. ಗೋಡೆಗಾಗಿ ಮಾಡುವ ಖಡ್ಗದ ಅಲಗು ಸಾಮಾನ್ಯವಾಗಿ ಅಗ್ಗದ ಸ್ಟೇನ್‌ಲೆಸ್ ಉಕ್ಕಿನದು. ಉದ್ದವಾದ ಅಲಗಿಗೆ ಬೇಕಾದ ತಾಳಿಕೆ ಅದಕ್ಕಿಲ್ಲ. ಹಿಡಿಯೊಳಗಿನ ಬಾಲ ಪೆನ್ಸಿಲಿನಷ್ಟು ತೆಳ್ಳಗಿರುತ್ತದೆ. ಅದನ್ನು ಗೋಡೆಯ ಮೇಲಿಂದ ಇಳಿಸಿ ಯಾರಾದರೂ ಮರಕ್ಕೆ ಬೀಸಿದರೆ ಆಗುವ ಅನಾಹುತಕ್ಕೆ ಹೊಣೆ ಯಾರು? ನಿಜವಾಗಿ ಬಳಸಬಹುದಾದ, ಹದ ಹಾಕಿದ ಖಡ್ಗಗಳನ್ನು ಮಾಡುವವರು ಭಾರತದಲ್ಲಿಯೇ ಇದ್ದಾರೆ. 1943ರಲ್ಲಿ ಡೆಹ್ರಾಡೂನಿನಲ್ಲಿ ಸ್ಥಾಪಿತವಾದ ವಿಂಡ್ಲಾಸ್ ಕಾರ್ಖಾನೆಯ ಖಡ್ಗಗಳು ಹೊರದೇಶಗಳಿಗೆ ಹೋಗುತ್ತವೆ. ಆದರೆ ಅಂಥದರ ಬೆಲೆ ಸಾವಿರಗಳಲ್ಲಿ ಎಣಿಸತಕ್ಕದ್ದು, ಮತ್ತು ಅದನ್ನು ಕೊಂಡವನಿಗೆ ಅದರಿಂದ ಮಾಡಬೇಕಾದ ಕೆಲಸವೇನೂ ಇರುವುದಿಲ್ಲ.

ಕಾನೂನಿನ ಅಂಶವೂ ಇಲ್ಲಿಯೇ ಸೇರತಕ್ಕದ್ದು. 1959ರ ಶಸ್ತ್ರಾಸ್ತ್ರ ಕಾಯಿದೆಯು ಕೇವಲ ಗೃಹಕೃತ್ಯಕ್ಕೂ ಕೃಷಿಗೂ ರೂಪಿಸಿದ ವಸ್ತುಗಳನ್ನು ಆಯುಧದ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಅದರಡಿಯ ನಿಯಮಗಳು ಖಡ್ಗ, ಕಠಾರಿಗಳನ್ನೂ, ಗೃಹಕೃತ್ಯ, ಕೃಷಿ, ವಿಜ್ಞಾನ ಅಥವಾ ಕೈಗಾರಿಕೆಗಳಿಗಲ್ಲದೆ ಮಾಡಿದ, 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲವಾದ ಅಲಗುಗಳನ್ನೂ ಆಯುಧಗಳ ಪಟ್ಟಿಗೆ ಸೇರಿಸಿವೆ. ಅಂದಮೇಲೆ ತೋಟದ ಮಚ್ಚು ಎಷ್ಟು ಅಗಲವಿದ್ದರೂ ಅದು ಸಾಧನವೇ. ಅದಕ್ಕಿಂತ ಚಿಕ್ಕದಾದ ಖಡ್ಗವೂ ಆಯುಧವೇ. ಸಾಧನವಾದರೂ ಅದನ್ನು ಕಾರಣವಿಲ್ಲದೆ ಬೀದಿಯಲ್ಲಿ ಹಿಡಿದು ತಿರುಗುವುದು ಕೂಡದು. ಬಟ್ಟೆಯಲ್ಲಿ ಸುತ್ತಿ ಚೀಲದೊಳಗಿಟ್ಟು ಒಯ್ಯತಕ್ಕದ್ದು. ಕಾಡುದಾರಿಯ ತರುಣರಿಗೆ ವಿಶೇಷವಾಗಿ ಹೇಳಬೇಕಾದುದೆಂದರೆ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಲಿಖಿತ ಅನುಮತಿಯಿಲ್ಲದೆ ಅಭಯಾರಣ್ಯದೊಳಗೆ ಆಯುಧ ಒಯ್ಯುವಂತಿಲ್ಲ. ಚಾರಣಕ್ಕೆ ಹೋಗುವವರ ಚೀಲದಲ್ಲಿ ಅಂಗೈಯಗಲದ ಚಾಕು ಸಾಕು. ದೊಡ್ಡ ಕತ್ತಿಯಿಂದ ಅಲ್ಲಿ ಕಡಿಯತಕ್ಕದ್ದು ಏನೂ ಇಲ್ಲ, ಕಡಿಯಲೂ ಬಾರದು.

ಹೊರನಾಡಿನ ಕತ್ತಿಗಳಲ್ಲಿ ಎರಡನ್ನು ಮಾತ್ರ ಹೆಸರಿಸುವೆನು. ನೇಪಾಳಿಗಳ ಖುಕುರಿ, ಬೆನ್ನಿನಲ್ಲಿ ಎಂಟು ಹತ್ತು ಮಿಲಿಮೀಟರ್ ದಪ್ಪವಿದ್ದು ಮುಂದಕ್ಕೆ ತೂಗುವ ಅಲಗು, ನಮ್ಮ ಮಚ್ಚಿನ ಸಮೀಪದ ಬಂಧು; ಅಲ್ಲಿಯೂ ಲಾರಿ ಪಟ್ಟಿಯಿಂದ ಕೈಯಲ್ಲಿ ತಟ್ಟಿದ್ದೇ ಶ್ರೇಷ್ಠ, ಪ್ರವಾಸಿಗಳಿಗಾಗಿ ಹೊಳಪಿಸಿದ್ದು ಕನಿಷ್ಠ. ದಕ್ಷಿಣ ಅಮೆರಿಕದವರ ಮಚೇಟೆ ಎರಡು ಮೂರು ಮಿಲಿಮೀಟರಿನ ತೆಳುವಾದ ಉದ್ದ ಅಲಗು. ಬ್ರೆಜಿಲಿನ ಟ್ರಾಮಾಂಟಿನಾ ಕಾರ್ಖಾನೆಯದು ಬೆಲೆಗೆ ಮೀರಿದ ಗುಣವುಳ್ಳದ್ದು. ಹಸಿರು ಪೊದೆ, ಹುಲ್ಲುಗಳನ್ನು ಸವರುವುದಕ್ಕೆ ಅದಕ್ಕೆ ಸಮನಿಲ್ಲವಾದರೂ ಒಣಗಿದ ತೆಂಗಿನ ಮಟ್ಟೆಗೂ ಹುಣಸೆಯ ಕೊಂಬೆಗೂ ಅದು ಹಗುರವಾಯಿತು.

ಹಾಗಾದರೆ ಗವಿಪುರದವನು ಎಲ್ಲಿಗೆ ಹೋಗಬೇಕು? ಚಾಮರಾಜಪೇಟೆಯನ್ನು ದಾಟಿದರೆ 1928ರ ಕೃಷ್ಣರಾಜೇಂದ್ರ ಮಾರುಕಟ್ಟೆ. ಅದರ ಮೇಲಂತಸ್ತಿನಲ್ಲಿಯೂ ಸುತ್ತಣ ಗಲ್ಲಿಗಳಲ್ಲಿಯೂ ಕೃಷಿಯ ಹತ್ಯಾರುಗಳು ದೊರೆಯುತ್ತವೆ. ಅಲ್ಲಿ ಕೊಳ್ಳುವವನು ಮೇಲಿನ ಪರೀಕ್ಷೆಗಳನ್ನು ನಾಚಿಕೆಪಡದೆ ಮಾಡಿ ನೋಡಲಿ. ಆದರೆ ಇದಕ್ಕಿಂತ ಮೇಲಾದ ಮಾರ್ಗವೆಂದರೆ ಮಾಡಿಸಿಕೊಳ್ಳುವುದು. ಜಯಚಾಮರಾಜೇಂದ್ರ ರಸ್ತೆಯ, ಕಲಾಸಿಪಾಳ್ಯದ ಕಡೆಯ ಮೋಟಾರು ಸಾಮಾನಿನ ವ್ಯಾಪಾರಿಗಳಲ್ಲಿ ಹಳೆಯ ಕಮಾನು ಪಟ್ಟಿಯೊಂದನ್ನು ವಿಚಾರಿಸಿ ಕೊಂಡು, ಊರಿನ ಕಡೆಗೆ ಹೋದಾಗ ನಂಬಿಕೆಯ ಕುಲುಮೆಗೆ ಒಯ್ದು, ಯಾವ ಕೆಲಸಕ್ಕೆ ಬೇಕು, ಬೀಸುವವರು ಯಾರು, ಎಡಗೈಯೋ ಬಲಗೈಯೋ ಎಂಬುದನ್ನು ತಿಳಿಸಿ, ಚೌಕಾಸಿ ಮಾಡದೆ ಕೂಲಿ ಕೊಟ್ಟು ಬಂದರೆ, ಒಟ್ಟು ಖರ್ಚು ಪೇಟೆಯ ಅಲಂಕಾರದ ಖಡ್ಗದ ಬೆಲೆಯ ಒಂದು ಅಂಶವಷ್ಟೇ ಆಗುವುದು. ಎಡಗೈಯವರ ಮಾತನ್ನು ಬೇಕೆಂದೇ ಎತ್ತಿದೆನು: ಬಾಯಿಯನ್ನು ಒಂದು ಮಗ್ಗುಲಿಗೆ ಮಾತ್ರ ಇಳಿಜಾರು ಮಾಡಿದ ಕತ್ತಿ ಎಡಗೈಯಲ್ಲಿ ಪಕ್ಕಕ್ಕೆ ಎಳೆಯುತ್ತದೆ, ಅಂಗಡಿಯಲ್ಲಿ ಇದನ್ನು ಕೇಳುವವರಿಲ್ಲ.

ಕೊಂಡ ಮೇಲಿನ ಆರೈಕೆ ಸುಲಭ. ಬಳಸಿದ ಬಳಿಕ ಬಾಳೆ, ಮಾವುಗಳ ಸೊನೆಯನ್ನು ಒರೆಸಿ ತೆಗೆದು, ತೆಳ್ಳಗೆ ಎಣ್ಣೆ ಸವರಿ, ಮಕ್ಕಳ ಕೈಗೆ ಎಟುಕದ ಗೂಟಕ್ಕೆ ಹಾಕಬೇಕು. ಚರ್ಮದ ಒರೆಯಲ್ಲಿಟ್ಟರೆ ತೇವ ಹಿಡಿದು ತುಕ್ಕು ಬರುವುದು. ಬಾಯಿಗೆ ಮಸೆಗಲ್ಲೇ ಸಾಕು, ಸಾಣೆಯ ಚಕ್ರ ಬೇಡ. ವರ್ಷಗಳು ಕಳೆದು, ಮಸೆದು ಮಸೆದು ಬಾಯಿ ದಪ್ಪವಾದಾಗ, ಹೊಸದನ್ನು ಕೊಳ್ಳುವ ಯೋಚನೆ ಮಾಡದೆ ಅದೇ ಕುಲುಮೆಗೆ ಒಯ್ದು, ಹಿಡಿ ಕಳಚಿ, ಬಾಯಿ ತಟ್ಟಿಸಿ, ಮರಳಿ ಹದ ಹಾಕಿಸತಕ್ಕದ್ದು. ಪ್ಲೇಟಿನ ಉಕ್ಕು ಇಂತಹ ಹಲವು ತಟ್ಟುಗಳನ್ನು ತಾಳಬಲ್ಲದು, ಮತ್ತು ಆ ಕೆಲಸಕ್ಕೆ ಕಮ್ಮಾರನು ಕೇಳುವ ಕೂಲಿಯನ್ನು ಆ ಹೊತ್ತಿಗೇ ಕೊಟ್ಟುಬಿಡಬೇಕು.